ಹಾರ್ಡ್ ಡಿಸ್ಕ್ ಕೈಕೊಡುತ್ತಿದೆ: ಮೊದಲು ಫೈಲುಗಳು, ಕೊನೆಗೆ ವಿಂಡೋಸ್

ಪ್ರಶ್ನೆ: ನಾನು ಪ್ರೌಢಶಾಲೆಯ ಕನ್ನಡ ಶಿಕ್ಷಕಿ. 2018ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದೆ. ಕೋರ್ ಐ3 7020ಯು ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಕೊಳ್ಳುವಾಗಲೇ ಬಂದ ವಿಂಡೋಸ್ 10. ಎರಡು ತಿಂಗಳಿನಿಂದ ತೆರೆದುಕೊಳ್ಳಲು ಕಾಲು ಗಂಟೆ ಹಿಡಿಯುತ್ತಿದೆ, ನಡುನಡುವೆ ಹೆಪ್ಪುಗಟ್ಟಿದಂತೆ ನಿಂತುಬಿಡುತ್ತದೆ. ಸಹೋದ್ಯೋಗಿಯೊಬ್ಬರು ಡಿಸ್ಕ್ ಪರೀಕ್ಷಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ತಂತ್ರಾಂಶ ಹಾಕಿ ನೋಡಿದಾಗ ಹಳದಿ ಬಣ್ಣದಲ್ಲಿ ‘ಕಾಷನ್’ ಎಂದು ಬಂತು. ರಿಪೇರಿ ಅಂಗಡಿಯವರು, ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ಪುಗಳಿರುವ ಹೊಸ ಬಗೆಯ ಡಿಸ್ಕ್) ಹಾಕಬೇಕು, ಈಗಿರುವ ವಿಂಡೋಸ್ ಹೋಗುತ್ತದೆ, ನಾವೇ ವಿಂಡೋಸ್ ಪ್ರೊ ಹಾಕಿಕೊಡುತ್ತೇವೆ, ಡಿ ಡ್ರೈವ್‌ನಲ್ಲಿರುವುದಕ್ಕೇನೂ ಆಗುವುದಿಲ್ಲ, ಲ್ಯಾಪ್‌ಟಾಪ್ ಬಿಟ್ಟುಹೋಗಿ ಎನ್ನುತ್ತಾರೆ. ಅದರಲ್ಲಿ ಹದಿನೈದು ವರ್ಷಗಳ ಪ್ರಶ್ನೆಪತ್ರಿಕೆಗಳಿವೆ, ಹೆಚ್ಚಿನವು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವು. ಈ ಕೆಲಸವನ್ನು ನಾನೇ ಮಾಡಿಕೊಳ್ಳಬಹುದೇ? ಹಳೆಯ ಡಿಸ್ಕನ್ನು ಏನು ಮಾಡಲಿ?

ಉತ್ತರ: ನಮಸ್ಕಾರ ಮೇಡಂ. ಮಾಡಿಕೊಳ್ಳಬಹುದು. ಆದರೆ ಮುಂದೆ ಓದುವ ಮೊದಲು ಆ ಲ್ಯಾಪ್‌ಟಾಪ್ ಚಾಲೂ ಇದ್ದರೆ ಆರಿಸಿಬಿಡಿ. ಉಳಿದದ್ದನ್ನು ಫೋನಿನಲ್ಲೇ ಓದಿ.

ಅಂಗಡಿಯವರು ಹೇಳಿದ ಎರಡು ಮಾತೂ ತಲೆಕೆಳಗಾಗಿವೆ. ಹೋಗುತ್ತದೆ ಎಂದ ವಿಂಡೋಸ್ ಎಲ್ಲಿಗೂ ಹೋಗುವುದಿಲ್ಲ, ಅದನ್ನು ಎಷ್ಟು ಸಲ ಬೇಕಾದರೂ ಬಿಟ್ಟಿಯಾಗಿ ತಂದು ಹಾಕಬಹುದು. ಏನೂ ಆಗುವುದಿಲ್ಲ ಎಂದ ಡಿ ಡ್ರೈವ್ ಈಗ ನಿಜವಾದ ಅಪಾಯದಲ್ಲಿದೆ. ಹಾಗಾಗಿ ಕೆಲಸದ ಸರದಿ ಹೀಗಿರಲಿ: ಮೊದಲು ಫೈಲುಗಳನ್ನು ಹೊರಗೆ ತರುವುದು, ಆಮೇಲೆ ಡಿಸ್ಕ್ ಬದಲಿಸುವುದು, ಕಟ್ಟಕಡೆಗೆ ವಿಂಡೋಸ್. ಜನ ಮಾಡುವುದು ಇದರ ಉಲ್ಟಾ. ಹೊಸ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಹಾಕಿ, ಎಲ್ಲ ಚುರುಕಾಗಿ ಓಡತೊಡಗಿದ ಮೇಲೆ ಹಳೆಯ ಡಿಸ್ಕಿನ ನೆನಪಾಗುತ್ತದೆ. ಅಷ್ಟರಲ್ಲಿ ಅದು ಇನ್ನೊಂದಷ್ಟು ಕೆಟ್ಟಿರುತ್ತದೆ, ಇಲ್ಲವೇ ಅಂಗಡಿಯ ಯಾವುದೋ ಡಬ್ಬ ಸೇರಿರುತ್ತದೆ.

ಸಿ ಮತ್ತು ಡಿ ಎಂದರೆ ಎರಡು ಡಿಸ್ಕ್ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಲ್ಯಾಪ್‌ಟಾಪಿನಲ್ಲಿ ಇರುವುದು ಸಾಮಾನ್ಯವಾಗಿ ಒಂದೇ ಡಿಸ್ಕ್. ಒಂದೇ ಹೊಲದ ನಡುವೆ ಬದು ಹಾಕಿ ಎರಡು ಮಾಡಿದ ಹಾಗೆ ಈ ವಿಂಗಡಣೆ. ಹೊಳೆಯ ನೀರು ನುಗ್ಗಿದರೆ ಬದು ನೋಡಿಕೊಂಡು ನುಗ್ಗುವುದಿಲ್ಲ. ವೈರಸ್ ಕಾಟಕ್ಕೆ ವರ್ಷಕ್ಕೊಮ್ಮೆ ಸಿ ಡ್ರೈವ್ ಫಾರ್ಮ್ಯಾಟ್ ಮಾಡುತ್ತಿದ್ದ ಕಾಲದಲ್ಲಿ ಡಿಯಲ್ಲಿಟ್ಟದ್ದು ಉಳಿಯುತ್ತಿತ್ತು ನಿಜ, ಆ ಅಭ್ಯಾಸದಿಂದಲೇ ಈ ಮಾತು ಬಂದದ್ದು. ಡಿಸ್ಕೇ ಕೆಡುವಾಗ ಅದಕ್ಕೆ ಬೆಲೆಯಿಲ್ಲ.

ಹಳದಿ ಬಣ್ಣ ಹೇಳುತ್ತಿರುವುದೇನು? ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುತ್ತದೆ, ಅದಕ್ಕೆ ಸ್ಮಾರ್ಟ್ ಎಂದು ಹೆಸರು. ನಿಮ್ಮ ಸಹೋದ್ಯೋಗಿ ಓದಿದ್ದು ಅದನ್ನೇ. ಆ ಪಟ್ಟಿಯಲ್ಲಿ ಸಾಲುಗಳು ಬಹಳ, ನೋಡಬೇಕಾದವು ಮೂರು: 05, ಸಿ5, ಸಿ6. ಡಿಸ್ಕಿನ ಒಂದು ಚೂರು ಜಾಗ, ಅಂದರೆ ಒಂದು ಸೆಕ್ಟರ್, ಓದಲು ಬಾರದೆ ಹೋದಾಗ ಅದು ‘ಬಾಕಿ’ ಲೆಕ್ಕಕ್ಕೆ ಸೇರುತ್ತದೆ, ಅದು ಸಿ5. ಆ ಜಾಗ ಕೆಟ್ಟದ್ದು ಖಚಿತ ಎಂದಾದಾಗ ಡಿಸ್ಕ್ ತನ್ನ ಬಳಿ ಮೀಸಲಿಟ್ಟ ಸೆಕ್ಟರೊಂದನ್ನು ಅದರ ಬದಲಿಗೆ ಕೂರಿಸುತ್ತದೆ, ಅದು 05. ಡಿಸ್ಕ್ ತಾನೇ ಪರೀಕ್ಷೆ ನಡೆಸಿದಾಗ ಓದಲಾಗದೆ ಕೈಬಿಟ್ಟದ್ದು ಸಿ6. ಅಲ್ಲಿ ಕಾಣುವ ಅಂಕಿಗಳು ಹದಿನಾರರ ಗಣನೆಯಲ್ಲಿ ಇರುತ್ತವೆ. 10 ಎಂದು ಕಂಡರೆ ಹದಿನಾರು ಎಂದು ಓದಿಕೊಳ್ಳಿ. ಸಿ7 ಎಂಬ ಸಾಲಿನಲ್ಲಿ ಮಾತ್ರ ಅಂಕಿ ಏರಿದ್ದರೆ ಗಾಬರಿ ಬೇಡ, ಅದು ಹೆಚ್ಚಾಗಿ ಕೇಬಲ್ಲಿನ ದೋಷ.

ಲ್ಯಾಪ್‌ಟಾಪ್ ಹೆಪ್ಪುಗಟ್ಟುವುದಕ್ಕೂ ಕಾರಣ ಇದೇ. ಓದಲಾಗದ ಜಾಗ ಸಿಕ್ಕಾಗ ಡಿಸ್ಕ್ ಅಷ್ಟಕ್ಕೇ ಬಿಡುವುದಿಲ್ಲ, ಅದೇ ಜಾಗವನ್ನು ಮತ್ತೆ ಮತ್ತೆ ಓದಲು ಯತ್ನಿಸುತ್ತದೆ. ವಿಂಡೋಸ್ ಉತ್ತರಕ್ಕಾಗಿ ಕಾದು ನಿಂತಿರುತ್ತದೆ. ಇಂಥ ಹೊತ್ತಿನಲ್ಲಿ ಹಲವರು ಕೊಡುವ ಸಲಹೆ ‘ಚೆಕ್‌ಡಿಸ್ಕ್’ ಓಡಿಸಿ ಎಂಬುದು. ದಯವಿಟ್ಟು ಬೇಡ. ಅದು ಫೈಲುಗಳ ಪಟ್ಟಿಯನ್ನು ಸರಿಪಡಿಸುವ ಸಾಧನ, ನಿಮ್ಮ ಫೈಲುಗಳನ್ನು ಕಾಪಾಡುವ ಸಾಧನವಲ್ಲ. ಕೆಟ್ಟ ಸೆಕ್ಟರ್ ಹುಡುಕಲು ಹೇಳಿದರೆ ಡಿಸ್ಕಿನ ಮೂಲೆ ಮೂಲೆಯನ್ನೂ ಓದುತ್ತದೆ, ಅದರ ಮೇಲೆ ಬರೆಯುತ್ತದೆ ಕೂಡ. ಜ್ವರ ಬಂದವರನ್ನು ಓಟಕ್ಕೆ ನಿಲ್ಲಿಸಿದಂತೆ. ಡಿಫ್ರಾಗ್, ಪೂರ್ಣ ಆಂಟಿವೈರಸ್ ಸ್ಕ್ಯಾನ್ ಕೂಡ ಬೇಡ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತು ಈಗಲೂ ತಿರುಗಾಡುತ್ತಿದೆ. ಹೊರಗೆ ತೆಗೆದ ಕೂಡಲೇ ಒಳಗೆ ತೇವ ಕೂರುತ್ತದೆ, ಅಷ್ಟೇ ಅದರ ಫಲ.

ಒಂದು ವಿಷಯ ನೀವು ಬರೆದಿಲ್ಲ: ಸದ್ದು. ಡಿಸ್ಕಿನಿಂದ ಒಂದೇ ಲಯದಲ್ಲಿ ‘ಟಕ್, ಟಕ್’ ಎಂದು ಕೇಳುತ್ತಿದೆಯೇ? ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯ ಮೇಲೆ, ಕೂದಲೆಳೆಗಿಂತ ಸಾವಿರಾರು ಪಟ್ಟು ಕಿರಿದಾದ ಅಂತರದಲ್ಲಿ ಓದುವ ಮುಳ್ಳು ತೇಲುತ್ತಿರುತ್ತದೆ. ಆ ಸದ್ದು ಬಂದರೆ ಮುಳ್ಳು ದಾರಿ ತಪ್ಪಿ ಮತ್ತೆ ಮತ್ತೆ ಮೊದಲ ಜಾಗಕ್ಕೆ ಮರಳುತ್ತಿದೆ ಎಂದರ್ಥ. ಆಗ ಮನೆಯಲ್ಲಿ ಏನೂ ಮಾಡಬೇಡಿ. ಡಿಸ್ಕನ್ನು ತೆಗೆದಿಟ್ಟು, ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚಿ ಕೆಲಸ ಮಾಡುವ ದತ್ತಾಂಶ ಮರುಪಡೆಯುವ ಪ್ರಯೋಗಾಲಯವನ್ನೇ ಕೇಳಬೇಕು. ಅದಕ್ಕೆ ಸಾವಿರಗಳಲ್ಲಿ ಖರ್ಚಾಗುತ್ತದೆ, ಫಲದ ಖಾತ್ರಿಯೂ ಇರುವುದಿಲ್ಲ. ನಿಮ್ಮದು ಬರೀ ನಿಧಾನ, ಸದ್ದಿಲ್ಲ ಎಂದಿಟ್ಟುಕೊಂಡು ಮುಂದೆ ಹೇಳುತ್ತೇನೆ.

ಫೈಲುಗಳನ್ನು ತೆಗೆಯಲು ಆ ಡಿಸ್ಕಿನಲ್ಲಿರುವ ವಿಂಡೋಸನ್ನು ಬಳಸಬೇಡಿ. ವಿಂಡೋಸ್ ತೆರೆದುಕೊಳ್ಳುವಾಗಲೇ ಸಾವಿರಾರು ಫೈಲುಗಳನ್ನು ಓದುತ್ತದೆ, ಲಾಗ್ ಬರೆಯುತ್ತದೆ, ಅಪ್‌ಡೇಟ್ ಹುಡುಕುತ್ತದೆ. ಉಳಿದಿರುವ ಆಯಸ್ಸನ್ನೆಲ್ಲ ಅದಕ್ಕೇ ಖರ್ಚು ಮಾಡಿದಂತಾಗುತ್ತದೆ. ಬದಲಿಗೆ ಲಿನಕ್ಸ್ ಮಿಂಟ್ ಅನ್ನು, ಅಂದರೆ ವಿಂಡೋಸಿನ ಜಾಗದಲ್ಲಿ ಓಡಬಲ್ಲ ಇನ್ನೊಂದು ಕಾರ್ಯವ್ಯವಸ್ಥೆಯನ್ನು, ಒಂದು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಶಾಲೆಯ ಕಂಪ್ಯೂಟರಿನಲ್ಲೋ ಸಹೋದ್ಯೋಗಿಯ ಲ್ಯಾಪ್‌ಟಾಪಿನಲ್ಲೋ ಮಿಂಟಿನ ಐಎಸ್‌ಒ ಫೈಲನ್ನು, ಅಂದರೆ ಇಡೀ ಮಿಂಟ್ ಅಡಗಿರುವ ಒಂದೇ ಫೈಲನ್ನು, ಇಳಿಸಿಕೊಂಡು ರೂಫಸ್ ಎಂಬ ಪುಟ್ಟ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೆಯಿರಿ. 8 ಜಿಬಿ ಸಾಕು, ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಯುತ್ತದೆ. ಆಮೇಲೆ ನಿಮ್ಮ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಸಿಕ್ಕಿಸಿ, ಆನ್ ಮಾಡಿದ ಕೂಡಲೇ ಬೂಟ್ ಮೆನು (ಯಾವುದರಿಂದ ಶುರುವಾಗಬೇಕು ಎಂದು ಆರಿಸುವ ಪಟ್ಟಿ) ತೆರೆಯುವ ಕೀಲಿಯನ್ನು ತಟ್ಟುತ್ತಿರಿ. ಡೆಲ್ ಮತ್ತು ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಕೆಲಸ ಮಾಡಬೇಕಾದರೆ ಮೊದಲು ಎಫ್2 ಒತ್ತಿ ಬಯೋಸ್, ಅಂದರೆ ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗುಗಳ ಒಳಗೆ ಹೋಗಿ ಅದನ್ನು ಚಾಲೂ ಮಾಡಬೇಕಾಗುತ್ತದೆ.

ಮಿಂಟ್ ತೆರೆದುಕೊಂಡಾಗ ತೆರೆಯ ಮೇಲೆ ‘ಇನ್‌ಸ್ಟಾಲ್’ ಎಂಬ ಚಿತ್ರ ಕಾಣುತ್ತದೆ. ಅದನ್ನು ಮುಟ್ಟಬೇಡಿ. ಪೆನ್‌ಡ್ರೈವಿನಿಂದಲೇ ಅದು ಓಡುತ್ತಿರುತ್ತದೆ, ನಮಗೆ ಬೇಕಿರುವುದು ಅಷ್ಟೇ. ಒಂದು ಎಕ್ಸ್‌ಟರ್ನಲ್ ಡಿಸ್ಕ್ ಸಿಕ್ಕಿಸಿ, ಫೈಲ್ ಕಿಟಕಿಯಲ್ಲಿ ಹಳೆಯ ಡಿಸ್ಕನ್ನು ತೆರೆದು ನಕಲು ಮಾಡತೊಡಗಿ. ಇದರಲ್ಲಿ ಇನ್ನೂ ಎರಡು ಅನುಕೂಲಗಳಿವೆ. ಹಳೆಯ ಡಿಸ್ಕನ್ನು ಬೇರೆ ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿ ‘ಯೂಸರ್ಸ್’ ಫೋಲ್ಡರ್ ತೆರೆಯಲು ಹೋದರೆ, ನಿಮಗೆ ಅನುಮತಿಯಿಲ್ಲ, ಮುಂದುವರಿಯಬೇಕೆ ಎಂದು ಕೇಳುತ್ತದೆ. ಹೂಂ ಎಂದರೆ ಆ ಫೋಲ್ಡರಿನ ಪ್ರತಿ ಫೈಲಿನ ಅನುಮತಿಯನ್ನೂ ತಿದ್ದಿ ಬರೆಯುತ್ತ ಹೋಗುತ್ತದೆ, ಅದೂ ಸಾಯುತ್ತಿರುವ ಡಿಸ್ಕಿನ ಮೇಲೆ. ಲಿನಕ್ಸ್ ಆ ಅನುಮತಿಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎರಡನೆಯದು, ವಿಂಡೋಸ್ 10 ಆರುವಾಗ ಪೂರ್ತಿ ಆರದೆ ಅರೆನಿದ್ದೆಗೆ ಹೋಗಿರುತ್ತದೆ. ಅಂಥ ಡಿಸ್ಕನ್ನು ಲಿನಕ್ಸ್ ‘ಓದಲು ಮಾತ್ರ’ ಎಂದು ತೆರೆಯುತ್ತದೆ. ಬೇರೆ ಹೊತ್ತಿನಲ್ಲಿ ಇದು ಕಿರಿಕಿರಿ, ನಿಮಗೆ ಈಗ ಬೇಕಿರುವುದು ಇದೇ.

ಎಲ್ಲವನ್ನೂ ಒಟ್ಟಿಗೆ ಆರಿಸಿ ಎಳೆದು ಹಾಕಬೇಡಿ. ಮನೆಗೆ ಬೆಂಕಿ ಬಿದ್ದಾಗ ಸೋಫಾ ಹೊತ್ತುಕೊಂಡು ಓಡುವವರಿಲ್ಲ. ಮೊದಲು ಪ್ರಶ್ನೆಪತ್ರಿಕೆಗಳ ಫೋಲ್ಡರ್, ಆಮೇಲೆ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್, ಆಮೇಲೆ ಫೋಟೊ, ಸಿನಿಮಾಗಳಿದ್ದರೆ ಕೊನೆಗೆ ಅಥವಾ ಬೇಡವೇ ಬೇಡ. ಡೆಸ್ಕ್‌ಟಾಪಿನ ಮೇಲೆ ಕಾಣುವ ಫೈಲುಗಳು ಇರುವುದು ಸಿ ಡ್ರೈವಿನ ‘ಯೂಸರ್ಸ್’ ಒಳಗೆ ನಿಮ್ಮ ಹೆಸರಿನ ಫೋಲ್ಡರಿನಲ್ಲಿ, ಬಹಳ ಜನ ಬಿಟ್ಟುಬರುವುದು ಅದನ್ನೇ. ಯಾವುದಾದರೂ ಫೈಲಿನಲ್ಲಿ ನಕಲು ನಿಂತುಬಿಟ್ಟರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ, ಹಟ ಹಿಡಿಯಬೇಡಿ. ‘ವಿಂಡೋಸ್’ ಫೋಲ್ಡರಿನ ಒಳಗಿರುವ ‘ಫಾಂಟ್ಸ್’ ಫೋಲ್ಡರಿನಿಂದ ನುಡಿ ಎಂದು ಶುರುವಾಗುವ ಫಾಂಟುಗಳನ್ನೂ ಎತ್ತಿಟ್ಟುಕೊಳ್ಳಿ. ಅದರ ಕಾರಣ ಆಮೇಲೆ ಹೇಳುತ್ತೇನೆ.

ಆರೋಗ್ಯವಾಗಿರುವ ಡಿಸ್ಕಾದರೆ 1 ಟಿಬಿಯನ್ನು ಮೂರು ಗಂಟೆಯ ಆಸುಪಾಸಿನಲ್ಲಿ ಓದಿ ಮುಗಿಸುತ್ತದೆ. ಕೆಡುತ್ತಿರುವ ಡಿಸ್ಕಿಗೆ ದಿನಗಳೇ ಹಿಡಿಯಬಹುದು. ಬಹಳಷ್ಟು ಫೈಲುಗಳು ನಕಲಾಗದೆ ಉಳಿದರೆ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಸಾಧನವಿದೆ. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಿಬರುವುದನ್ನೆಲ್ಲ ಎತ್ತಿಕೊಂಡು, ಕಷ್ಟದ ಜಾಗಗಳನ್ನು ಪಟ್ಟಿ ಮಾಡಿಟ್ಟು, ಆಮೇಲಿನ ಸುತ್ತುಗಳಲ್ಲಿ ಅವುಗಳ ಬಳಿಗೆ ಮರಳುತ್ತದೆ. ಕರೆಂಟ್ ಹೋದರೂ ಪಟ್ಟಿ ಉಳಿದಿರುವುದರಿಂದ ನಿಂತಲ್ಲಿಂದ ಮುಂದುವರಿಸಬಹುದು. ಆದರೆ ಅದರಲ್ಲಿ ಯಾವುದು ಮೂಲ, ಯಾವುದು ನಕಲಿನ ಜಾಗ ಎಂಬುದನ್ನು ಅದಲುಬದಲು ಮಾಡಿದರೆ ಹಳೆಯ ಡಿಸ್ಕಿನ ಮೇಲೆ ಖಾಲಿ ಡಿಸ್ಕಿನ ಸೊನ್ನೆಗಳು ಬರೆದುಹೋಗುತ್ತವೆ. ಈ ಹಂತ ಬಂದರೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಇಡೀ ಡಿಸ್ಕನ್ನು ಎಸ್‌ಎಸ್‌ಡಿಗೆ ಕ್ಲೋನ್ (ಇದ್ದದ್ದು ಇದ್ದ ಹಾಗೆ ನಕಲು) ಮಾಡಿದರೆ ಹೊಸದಾಗಿ ವಿಂಡೋಸ್ ಹಾಕುವ ಕೆಲಸವೇ ಇರುವುದಿಲ್ಲವಲ್ಲ ಎಂದು ಯಾರಾದರೂ ಹೇಳಬಹುದು. ಡಿಸ್ಕ್ ಚೆನ್ನಾಗಿದ್ದಾಗ ನಾನೂ ಹಾಗೆಯೇ ಮಾಡುತ್ತೇನೆ. ಕೆಟ್ಟ ಡಿಸ್ಕನ್ನು ಕ್ಲೋನ್ ಮಾಡಿದರೆ ಅರ್ಧ ಓದಿದ, ತೂತು ಬಿದ್ದ ಸಿಸ್ಟಂ ಫೈಲುಗಳೂ ಜೊತೆಗೇ ಬರುತ್ತವೆ. ಆರು ತಿಂಗಳ ಮೇಲೆ ಯಾವುದೋ ಅಪ್‌ಡೇಟ್ ಮುಗ್ಗರಿಸಿದಾಗ ಕಾರಣ ಹುಡುಕುವುದು ಯಾರಿಂದಲೂ ಆಗುವುದಿಲ್ಲ. ಹೊಸದಾಗಿಯೇ ಹಾಕಿ.

ಇನ್ನು ಎಸ್‌ಎಸ್‌ಡಿ. ನಿಮ್ಮ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಇರುವ ಗೂಡಿಗೆ 2.5 ಇಂಚಿನ, 7 ಮಿಲಿಮೀಟರ್ ದಪ್ಪದ ಸಾಟಾ ಎಸ್‌ಎಸ್‌ಡಿ ಸರಿಹೊಂದುತ್ತದೆ, ಸಾಟಾ ಎಂದರೆ ಹಳೆಯ ಹಾರ್ಡ್ ಡಿಸ್ಕ್ ಬಳಸುವ ಅದೇ ಜೋಡಣೆ. ಚೂಯಿಂಗ್ ಗಮ್ ಪಟ್ಟಿಯಂಥ ಎಂ.2 ಎಸ್‌ಎಸ್‌ಡಿಗಳನ್ನು ತಯಾರಕರ ಕೈಪಿಡಿ ನೋಡದೆ ಕೊಳ್ಳಬೇಡಿ. ಆ ಗೂಡು ನಿಮ್ಮ ಮಾದರಿಯಲ್ಲಿ ಇಲ್ಲದಿರಬಹುದು, ಇದ್ದರೂ ಎನ್‌ವಿಎಂಇ ಎಂಬ ಇನ್ನೊಂದು ಬಗೆಯ ಜೋಡಣೆ ಹಿಡಿಸದೆ ಸಾಟಾ ಮಾತ್ರ ಹಿಡಿಸಬಹುದು. 500 ಜಿಬಿ ಸಾಕು. ಹೆಸರೇ ಕೇಳದ ಕಂಪನಿಯ ಅಗ್ಗದ ಮಾಲು ಬೇಡ. ಮುಚ್ಚಳ ತೆಗೆದಾಗ ಇನ್ನೊಂದು 4 ಜಿಬಿ ರ‍್ಯಾಮ್ ಹಾಕುವ ಜಾಗ ಇದ್ದರೆ ಹಾಕಿಸಿ.

ಬಿಚ್ಚುವ ಕೆಲಸಕ್ಕೆ ಧೈರ್ಯ ಸಾಲದಿದ್ದರೆ ಅಷ್ಟನ್ನು ಮಾತ್ರ ಅಂಗಡಿಯಲ್ಲಿ ಎದುರಿಗೆ ಕೂತು ಮಾಡಿಸಿ, ಅರ್ಧ ಗಂಟೆಯ ಕೆಲಸ. ನೀವೇ ಮಾಡುವುದಾದರೆ ಚಾರ್ಜರ್ ತೆಗೆದು, ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಆಮೇಲೆ ಉಳಿದದ್ದು. ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ಕಾಗದದ ಮೇಲೆ ಲ್ಯಾಪ್‌ಟಾಪಿನ ಬೆನ್ನಿನ ಚಿತ್ರ ಬರೆದು ಆಯಾ ಜಾಗದಲ್ಲೇ ಅಂಟಿಸುತ್ತ ಹೋಗಿ. ಉದ್ದದ್ದನ್ನು ಗಿಡ್ಡದ್ದರ ತೂತಿಗೆ ಹಾಕಿದರೆ ಮೇಲ್ಗಡೆ ಕೈಯಿಡುವ ಜಾಗದಲ್ಲಿ ಮೊಡವೆ ಏಳುತ್ತದೆ. ಹಳೆಯ ಡಿಸ್ಕಿನ ಸುತ್ತ ಇರುವ ತಗಡಿನ ಚೌಕಟ್ಟನ್ನು ಬಿಡಿಸಿ ಹೊಸದಕ್ಕೆ ಹಾಕಬೇಕು. ಹಳೆಯದನ್ನು ಮಾತ್ರ ಅಂಗಡಿಯಲ್ಲಿ ಬಿಟ್ಟುಬರಬೇಡಿ. ಮಕ್ಕಳ ಅಂಕಪಟ್ಟಿ, ಆಧಾರ್ ಪ್ರತಿ, ಪೋಷಕರ ಫೋನ್ ನಂಬರ್ ಎಲ್ಲ ಅದರಲ್ಲಿರುತ್ತವೆ. ಹೊಸ ಡಿಸ್ಕ್ ಹಾಕಿ ಆನ್ ಮಾಡಿದಾಗ ಬೂಟ್ ಆಗುವ ಸಾಧನ ಸಿಗಲಿಲ್ಲ ಎಂಬ ಸಂದೇಶ ಬಂದರೆ ಹೆದರಬೇಡಿ. ಖಾಲಿ ಡಿಸ್ಕಿನಲ್ಲಿ ಸಿಗುವುದಾದರೂ ಏನು!

ಈಗ ವಿಂಡೋಸ್. ಯಾವುದನ್ನು ಹಾಕುವುದು ಎಂಬುದೇ ದೊಡ್ಡ ಪ್ರಶ್ನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಒಪ್ಪುವ ಇಂಟೆಲ್ ಪ್ರೊಸೆಸರುಗಳ ಪಟ್ಟಿ ಹೆಚ್ಚುಕಡಿಮೆ ಎಂಟನೇ ಪೀಳಿಗೆಯಿಂದ ಶುರುವಾಗುತ್ತದೆ. ನಿಮ್ಮ 7020ಯು ಏಳನೆಯದು, ಒಂದು ಮೆಟ್ಟಿಲಲ್ಲಿ ತಪ್ಪಿಹೋಗಿದೆ. ಆ ತಪಾಸಣೆಯನ್ನು ದಾಟಿಸಿ ವಿಂಡೋಸ್ 11 ಹಾಕುವ ಉಪಾಯಗಳಿವೆ, ರೂಫಸ್ಸೇ ಆ ಆಯ್ಕೆ ಕೊಡುತ್ತದೆ. ಆದರೆ ಅಂಥ ಯಂತ್ರಗಳಿಗೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಎಂದು ಮೈಕ್ರೋಸಾಫ್ಟ್ ಹೇಳಿಬಿಟ್ಟಿದೆ. ಪರೀಕ್ಷೆಯ ಹಿಂದಿನ ರಾತ್ರಿ ಪ್ರಶ್ನೆಪತ್ರಿಕೆ ಮುದ್ರಿಸಬೇಕಾದ ಯಂತ್ರದ ಮೇಲೆ ಆ ಪ್ರಯೋಗ ನಾನು ಮಾಡುವುದಿಲ್ಲ.

ನನ್ನ ಸಲಹೆ, ಸದ್ಯಕ್ಕೆ ವಿಂಡೋಸ್ 10ನ್ನೇ ಹಾಕಿ. ಅದರ ಕೊನೆಯ ಆವೃತ್ತಿ 22ಎಚ್2. ಮನೆಬಳಕೆಯವರಿಗಾಗಿ ಮೈಕ್ರೋಸಾಫ್ಟ್ ಒಂದು ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ತಂದಿದೆ, ಇಎಸ್‌ಯು ಎಂದು ಹೆಸರು. ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿ, ಅಪ್‌ಡೇಟ್ ಪುಟದಲ್ಲಿ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಅದರ ರಕ್ಷಣೆ ಇರುತ್ತದೆ. ಆಮೇಲೆ? ಫೈಲು ತೆಗೆಯಲು ಮಾಡಿಕೊಂಡಿದ್ದೀರಲ್ಲ, ಆ ಮಿಂಟ್ ಪೆನ್‌ಡ್ರೈವನ್ನು ಅಳಿಸಬೇಡಿ. ಬಿಡುವಿದ್ದಾಗ ಅದರಲ್ಲೇ ಲಿಬ್ರೆಆಫೀಸ್ ತೆರೆದು ನಿಮ್ಮ ಕೆಲಸ ಎಷ್ಟರಮಟ್ಟಿಗೆ ಸಾಗುತ್ತದೆ ನೋಡಿ. ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ, ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಲಿವಿನ್ಯಾಸ, ಅಂದರೆ ನೀವು ನುಡಿಯಲ್ಲಿ ಒತ್ತುವ ಅದೇ ಕೀಲಿಗಳು, ಐಬಸ್ ಎಂಬ ಟೈಪಿಂಗ್ ಸಾಧನದ ಮೂಲಕ ಅಲ್ಲಿಯೂ ಸಿಗುತ್ತವೆ.

ಲೈಸೆನ್ಸ್ ವಿಚಾರ ಇಲ್ಲಿಯೇ ಹೇಳಿಬಿಡುತ್ತೇನೆ, ಅಂಗಡಿಗಳು ಹೆಚ್ಚು ಹೆದರಿಸುವುದು ಇದರಲ್ಲೇ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ, ವಿಂಡೋಸ್ ಸಮೇತ ಮಾರಿದ ಲ್ಯಾಪ್‌ಟಾಪುಗಳಲ್ಲಿ ಪ್ರಾಡಕ್ಟ್ ಕೀಯನ್ನು ಮದರ್‌ಬೋರ್ಡಿನ ಚಿಪ್ಪಿನಲ್ಲೇ ಬರೆದಿಟ್ಟಿರುತ್ತಾರೆ. ಅದಲ್ಲದೆ ವಿಂಡೋಸ್ 10 ಒಮ್ಮೆ ಆಕ್ಟಿವೇಟ್ ಆದ ಯಂತ್ರವನ್ನು ಮೈಕ್ರೋಸಾಫ್ಟಿನ ಸರ್ವರ್ ಮುಖ್ಯವಾಗಿ ಮದರ್‌ಬೋರ್ಡಿನ ಗುರುತಿನಿಂದ ನೆನಪಿಟ್ಟುಕೊಳ್ಳುತ್ತದೆ. ಡಿಸ್ಕ್ ಬದಲಾದರೆ ಎರಡಕ್ಕೂ ಏನೂ ಆಗುವುದಿಲ್ಲ. ಆದರೆ ಆವೃತ್ತಿ ಅದೇ ಇರಬೇಕು. ನಮ್ಮಲ್ಲಿ ಮಾರಾಟವಾದ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟು ‘ಹೋಂ ಸಿಂಗಲ್ ಲ್ಯಾಂಗ್ವೇಜ್’ ಆವೃತ್ತಿಯವು. ಅಂಗಡಿಯವರು ಅದರ ಮೇಲೆ ‘ಪ್ರೊ’ ಹಾಕುತ್ತೇವೆ ಎಂದರೆ, ನೀವು ದುಡ್ಡು ಕೊಟ್ಟ ಅಸಲಿ ಲೈಸೆನ್ಸನ್ನು ಮೂಲೆಗಿಟ್ಟು ಕ್ರ್ಯಾಕ್ ಮಾಡಿದ್ದನ್ನು ಹಾಕುತ್ತಾರೆ ಎಂದೇ ಬಹುಪಾಲು ಅರ್ಥ. ಆ ಕ್ರ್ಯಾಕ್ ಓಡಿಸಲು ಮೊದಲು ಆಂಟಿವೈರಸ್ಸನ್ನು ಆರಿಸಬೇಕು ಎಂಬುದರಲ್ಲೇ ಅದರ ಜಾತಕ ಇದೆ. ಸಿಂಗಲ್ ಲ್ಯಾಂಗ್ವೇಜ್ ಎಂದರೆ ಕನ್ನಡ ಟೈಪ್ ಮಾಡಲು ಬರುವುದಿಲ್ಲ ಎಂದಲ್ಲ. ಮೆನುಗಳು ಯಾವ ಭಾಷೆಯಲ್ಲಿರಬೇಕು ಎಂಬುದಕ್ಕಷ್ಟೇ ಆ ಮಿತಿ. (ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು: ನಿಮ್ಮ ಲ್ಯಾಪ್‌ಟಾಪನ್ನು ಡಾಸ್ ಅಥವಾ ಉಬುಂಟು ಹಾಕಿದ ಅಗ್ಗದ ಮಾದರಿ ಎಂದು ಕೊಂಡಿದ್ದರೆ ಮದರ್‌ಬೋರ್ಡಿನಲ್ಲಿ ಕೀ ಇರುವುದಿಲ್ಲ.)

ವಿಂಡೋಸ್ ಪೆನ್‌ಡ್ರೈವ್ ಮಾಡಲು ಮೈಕ್ರೋಸಾಫ್ಟಿನ ತಾಣದಿಂದಲೇ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಳ್ಳಿ. ಇದಕ್ಕೂ 8 ಜಿಬಿಯ ಇನ್ನೊಂದು ಪೆನ್‌ಡ್ರೈವ್ ಬೇಕು. ಬೂಟ್ ಮೆನುವಿನಲ್ಲಿ ಅದೇ ಪೆನ್‌ಡ್ರೈವ್ ಎರಡು ಸಲ ಕಂಡರೆ ಯುಇಎಫ್‌ಐ ಎಂದು ಮುಂದೆ ಬರೆದಿರುವುದನ್ನು ಆರಿಸಿ. ಇನ್ನೊಂದು ಲೆಗಸಿ ಎಂಬ ಹಳೆಯ ರೀತಿ. ಅದರಲ್ಲಿ ಶುರು ಮಾಡಿದರೆ ಡಿಸ್ಕ್ ಹಳೆಯ ಎಂಬಿಆರ್ ವಿಧಾನದಲ್ಲಿ ತಯಾರಾಗುತ್ತದೆ. ಈಗ ಓಡಿದರೂ ಮುಂದೆ ತೊಡಕು.

ಮುಂದಿನ ಹಂತಕ್ಕೆ ಮೊದಲು ನಿಮ್ಮ ಫೈಲುಗಳಿರುವ ಎಕ್ಸ್‌ಟರ್ನಲ್ ಡಿಸ್ಕನ್ನು ಲ್ಯಾಪ್‌ಟಾಪಿನಿಂದ ತೆಗೆಯಿರಿ. ತೆಗೆದು ಇನ್ನೊಂದು ಕೋಣೆಯಲ್ಲಿಡಿ. ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹತ್ತು ಹನ್ನೆರಡು ವರ್ಷದ ಹಿಂದೆ ಮದುವೆ ಫೋಟೊ ತೆಗೆಯುವವರೊಬ್ಬರ ಯಂತ್ರಕ್ಕೆ ವಿಂಡೋಸ್ ಹಾಕುತ್ತಿದ್ದೆ. ಅವರ ಬ್ಯಾಕಪ್ ಡಿಸ್ಕ್ ಯುಎಸ್‌ಬಿಯಲ್ಲಿ ಸಿಕ್ಕಿಕೊಂಡೇ ಇತ್ತು. ಪಟ್ಟಿಯಲ್ಲಿ ಎರಡು ಡಿಸ್ಕ್, ಎರಡೂ 500 ಜಿಬಿ. ಒಂದನ್ನು ಆರಿಸಿ ಡಿಲೀಟ್ ಒತ್ತಿದೆ. ಒತ್ತಿದ ಮರುಕ್ಷಣ ಹೊಟ್ಟೆಯಲ್ಲಿ ಏನೋ ಕುಸಿದಂತಾಯಿತು. ವಿಭಾಗದ ಪಟ್ಟಿಯಷ್ಟೇ ಅಳಿದಿದ್ದರಿಂದ ಎರಡು ರಾತ್ರಿ ಕೂತು ಫೋಟೊಗಳನ್ನು ಮರಳಿ ತಂದೆ. ಕೂಲಿ ತೆಗೆದುಕೊಳ್ಳುವ ಮುಖ ಇರಲಿಲ್ಲ.

ಸೆಟಪ್ ಶುರುವಾದ ಮೇಲೆ ಹೆಚ್ಚಿನದೇನಿಲ್ಲ. ಪ್ರಾಡಕ್ಟ್ ಕೀ ಕೇಳಿದರೆ, ನನ್ನ ಬಳಿ ಇಲ್ಲ ಎಂಬ ಅರ್ಥದ ಸಾಲು ಕೆಳಗೆ ಸಣ್ಣಕ್ಷರದಲ್ಲಿರುತ್ತದೆ, ಅದನ್ನು ಒತ್ತಿ. ಕೀಯನ್ನೂ ಆವೃತ್ತಿಯನ್ನೂ ಕೇಳದೆ ತಾನೇ ಮುಂದೆ ಹೋದರೆ ಇನ್ನೂ ಒಳ್ಳೆಯದು. ಮದರ್‌ಬೋರ್ಡಿನಲ್ಲಿರುವ ಕೀಯನ್ನು ಅದು ಓದಿಕೊಂಡಿದೆ, ವಿಂಡೋಸ್ ಹೋಗುತ್ತದೆ ಎಂದವರಿಗೆ ಅಲ್ಲೇ ಉತ್ತರ ಸಿಕ್ಕಿದಂತಾಯಿತು. ಅಪ್‌ಗ್ರೇಡ್ ಬೇಡ, ಕಸ್ಟಮ್ ಆರಿಸಿ. ‘ಅನ್‌ಅಲೊಕೇಟೆಡ್ ಸ್ಪೇಸ್’ ಎಂದು ಒಂದೇ ಸಾಲು ಕಾಣಬೇಕು. ಅದನ್ನು ಆರಿಸಿ ನೆಕ್ಸ್ಟ್ ಒತ್ತಿ, ಬೇಕಾದ ವಿಭಾಗಗಳನ್ನು ಸೆಟಪ್ ತಾನೇ ಮಾಡಿಕೊಳ್ಳುತ್ತದೆ. ಹೊಸ ಡಿಸ್ಕನ್ನು ಮತ್ತೆ ಸಿ, ಡಿ ಎಂದು ಹೋಳು ಮಾಡಬೇಡಿ. ಹನ್ನೊಂದನೇ ಪೀಳಿಗೆ ಮತ್ತು ಆಮೇಲಿನ ಇಂಟೆಲ್ ಯಂತ್ರಗಳಲ್ಲಿ ಈ ಹಂತದಲ್ಲಿ ಡಿಸ್ಕೇ ಕಾಣದೆ ಹೋಗುವುದುಂಟು. ಅಲ್ಲಿ ಇಂಟೆಲ್ ಆರ್‌ಎಸ್‌ಟಿ ಡ್ರೈವರನ್ನು ಪೆನ್‌ಡ್ರೈವಿನಿಂದ ಕೊಡಬೇಕು. ನಿಮಗೆ ಆ ತಲೆನೋವಿಲ್ಲ. ಮೊದಲ ಸಲ ರೀಸ್ಟಾರ್ಟ್ ಆಗುವಾಗ ಪೆನ್‌ಡ್ರೈವ್ ತೆಗೆದುಬಿಡಿ, ಇಲ್ಲವಾದರೆ ಕೆಲವು ಯಂತ್ರಗಳು ಮತ್ತೆ ಮೊದಲಿನಿಂದ ಸೆಟಪ್ ಶುರು ಮಾಡುತ್ತವೆ. ಇಷ್ಟೂ ಹೊತ್ತು ಚಾರ್ಜರ್ ಸಿಕ್ಕಿಸಿಯೇ ಇರಲಿ.

ವೈಫೈ ಹಿಡಿಯದಿದ್ದರೆ ಫೋನನ್ನು ಕೇಬಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್‌ನೆಟ್ಟನ್ನು ಕೇಬಲಿನ ಮೂಲಕ ಹಂಚುವುದು) ಚಾಲೂ ಮಾಡಿ. ಅದಕ್ಕೆ ಬೇರೆ ಡ್ರೈವರ್ ಬೇಡ. ಆಮೇಲೆ ವಿಂಡೋಸ್ ಅಪ್‌ಡೇಟನ್ನು ಎರಡು ಮೂರು ಸಲ ಓಡಿಸಿದರೆ ಬಹುತೇಕ ಡ್ರೈವರುಗಳು ಬಂದುಬಿಡುತ್ತವೆ. ಉಳಿದದ್ದನ್ನು ಲ್ಯಾಪ್‌ಟಾಪಿನ ಬೆನ್ನ ಮೇಲಿರುವ ಸೀರಿಯಲ್ ನಂಬರ್ ಕೊಟ್ಟು ತಯಾರಕರ ತಾಣದಿಂದಲೇ ತನ್ನಿ. ಎಲ್ಲ ಡ್ರೈವರ್ ಒಂದೇ ಏಟಿಗೆ ಹಾಕುತ್ತೇವೆ ಎನ್ನುವ ತಂತ್ರಾಂಶಗಳು ಡ್ರೈವರಿನ ಜೊತೆ ಜಾಹೀರಾತುಗಳ ದಿಬ್ಬಣವನ್ನೇ ಕರೆತರುತ್ತವೆ. ಸೆಟ್ಟಿಂಗ್ಸಿನ ಆಕ್ಟಿವೇಷನ್ ಪುಟದಲ್ಲಿ ಡಿಜಿಟಲ್ ಲೈಸೆನ್ಸಿನಿಂದ ಆಕ್ಟಿವೇಟ್ ಆಗಿದೆ ಎಂದಿದ್ದರೆ ವಿಂಡೋಸಿನ ಕೆಲಸ ಮುಗಿಯಿತು. ಲ್ಯಾಪ್‌ಟಾಪ್ ಜೊತೆ ಎಂಎಸ್ ಆಫೀಸ್ ಬಂದಿದ್ದರೆ ಅದು ಮೊದಲ ದಿನ ನೀವು ಕೊಟ್ಟ ಮೈಕ್ರೋಸಾಫ್ಟ್ ಖಾತೆಗೆ ಅಂಟಿಕೊಂಡಿರುತ್ತದೆ. ಆ ಇಮೇಲ್ ಯಾವುದು ಎಂದು ಈಗಲೇ ನೆನಪು ಮಾಡಿಕೊಳ್ಳಿ. ಅಂಗಡಿಯವರು ತಮ್ಮದೇ ಒಂದು ಇಮೇಲ್ ಸೃಷ್ಟಿಸಿ ಹಾಕಿಕೊಟ್ಟಿದ್ದ ಪ್ರಸಂಗಗಳನ್ನೂ ನೋಡಿದ್ದೇನೆ.

ಈಗ ನುಡಿ. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಹೊಸ ವಿಂಡೋಸಿನಲ್ಲಿ ತೆರೆದರೆ ಕನ್ನಡದ ಬದಲು ತಲೆಯ ಮೇಲೆ ಚುಕ್ಕೆ, ಗೀರು ಹೊತ್ತ ಯುರೋಪಿನ ಅಕ್ಷರಗಳ ಸಂತೆ ಕಾಣುತ್ತದೆ. ಫೈಲು ಕೆಟ್ಟುಹೋಯಿತೆಂದು ಅಳಿಸಿಬಿಟ್ಟವರಿದ್ದಾರೆ. ಫೈಲು ಚೆನ್ನಾಗಿಯೇ ಇರುತ್ತದೆ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಬರುವ ಮುಂಚಿನ ಈ ಪದ್ಧತಿಯಲ್ಲಿ ಕನ್ನಡ ಎಂಬುದು ಫಾಂಟಿನಲ್ಲಿ ಮಾತ್ರ ಇತ್ತು. ಫೈಲಿನ ಒಳಗೆ ಇದ್ದದ್ದು ರೋಮನ್ ಸಂಕೇತಗಳೇ, ಅವುಗಳ ಮೇಲೆ ಫಾಂಟು ಕನ್ನಡದ ಮುಖವಾಡ ತೊಡಿಸುತ್ತಿತ್ತು. ಎತ್ತಿಟ್ಟುಕೊಂಡ ನುಡಿ ಫಾಂಟುಗಳನ್ನು ಹೊಸ ವಿಂಡೋಸಿಗೆ ಹಾಕಿ, ಇಲ್ಲವೇ ನುಡಿಯನ್ನೇ ಮತ್ತೆ ಸ್ಥಾಪಿಸಿ, ಅಕ್ಷರಗಳು ಮರಳುತ್ತವೆ.

ಅಲ್ಲಿಗೇ ನಿಲ್ಲಿಸದೆ ಅವನ್ನು ಯೂನಿಕೋಡಿಗೆ ಬದಲಿಸಿಕೊಳ್ಳಿ ಎನ್ನುತ್ತೇನೆ. ನುಡಿಯ ಪರಿವರ್ತಕವೇ ಇದೆ. ಹದಿನೈದು ವರ್ಷದ್ದನ್ನು ಒಂದೇ ದಿನ ಮಾಡಬೇಕಿಲ್ಲ, ಮೂಲ ಫೈಲನ್ನು ಹಾಗೆಯೇ ಉಳಿಸಿಕೊಂಡು ಬೇಕಾದಾಗ ಬೇಕಾದ್ದನ್ನು ಮಾಡುತ್ತ ಹೋಗಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿ ಮಾಡಿಬಿಡುತ್ತದೆ, ಕೋಷ್ಟಕಗಳೂ ಚದುರಬಹುದು. ಕನ್ನಡ ವ್ಯಾಕರಣ ಕಲಿಸುವ ನಿಮಗೆ ತಿದ್ದುವುದು ಕಷ್ಟವಾಗಲಾರದು. ಹೊಸದಾಗಿ ಬರೆಯುವುದನ್ನೆಲ್ಲ ಯೂನಿಕೋಡಿನಲ್ಲೇ ಬರೆಯಿರಿ. ನುಡಿಯಲ್ಲೇ ಆ ಆಯ್ಕೆ ಇದೆ, ಕೀಲಿಗಳು ಬದಲಾಗುವುದಿಲ್ಲ. ಆಗ ಫೋನಿನಲ್ಲೂ ತೆರೆಯಬಹುದು, ಮುಂದಿನ ಸಲ ಫಾಂಟು ಹುಡುಕುವ ಪ್ರಮೇಯವೂ ಇರುವುದಿಲ್ಲ.

ಮುಂದಿನ ಸಲ ಎಂದೆ. ಎಸ್‌ಎಸ್‌ಡಿಯೂ ಕೆಡುತ್ತದೆ, ಅದೂ ಎಷ್ಟೋ ಸಲ ಈ ಹಳೆಯ ಡಿಸ್ಕಿನಂತೆ ಎರಡು ತಿಂಗಳು ನರಳಿ ಸುಳಿವು ಕೊಡುವುದಿಲ್ಲ. ನಿನ್ನೆ ಇತ್ತು, ಇಂದು ಇಲ್ಲ ಎಂಬಂತೆ. ನಿಮ್ಮ ಪ್ರಶ್ನೆಪತ್ರಿಕೆಗಳೆಲ್ಲ ಸೇರಿದರೂ ಒಂದೆರಡು ಜಿಬಿ ದಾಟಲಿಕ್ಕಿಲ್ಲ. ಗೂಗಲ್ ಖಾತೆಯೊಂದಿಗೆ ಬಿಟ್ಟಿಯಾಗಿ ಸಿಗುವ 15 ಜಿಬಿಯಲ್ಲಿ ಅವು ಆರಾಮವಾಗಿ ಕೂರುತ್ತವೆ. ಜೊತೆಗೆ ಆ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಒಂದು ಪ್ರತಿ.

ಕೊನೆಯದಾಗಿ ಹಳೆಯ ಡಿಸ್ಕ್. ಅದಕ್ಕೊಂದು ಚೀಟಿ ಅಂಟಿಸಿ ತಾರೀಖು ಬರೆದು ಬೀರುವಿನಲ್ಲಿಡಿ. ಒಂದು ಶೈಕ್ಷಣಿಕ ವರ್ಷ ಕಳೆಯಲಿ, ಅಯ್ಯೋ ಅದೊಂದು ಫೈಲು ಎಂದು ನೆನಪಾಗುವುದು ಆ ಅವಧಿಯಲ್ಲೇ. ಆಮೇಲೂ ಅದನ್ನು ಗುಜರಿಗೆ ಹಾಗೆಯೇ ಕೊಡಬೇಡಿ. ಫಾರ್ಮ್ಯಾಟ್ ಮಾಡಿದರೆ ಸಾಕೇ ಎಂದರೆ ಸಾಲದು. ಕೆಟ್ಟಿದೆಯೆಂದು ಪಕ್ಕಕ್ಕೆ ಸರಿಸಿದ ಸೆಕ್ಟರುಗಳ ಹತ್ತಿರಕ್ಕೆ ಫಾರ್ಮ್ಯಾಟ್ ಹೋಗುವುದೇ ಇಲ್ಲ, ಮಕ್ಕಳ ಮಾಹಿತಿ ಅಲ್ಲಿಯೂ ಉಳಿದಿರಬಹುದು. ಡಿಸ್ಕನ್ನೇ ಒಡೆದು, ತುಂಡುಗಳನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಲ್ಯಾಪ್‌ಟಾಪ್ ಡಿಸ್ಕುಗಳ ತಟ್ಟೆ ಬಹಳಷ್ಟು ಸಲ ಗಾಜಿನದಾಗಿರುತ್ತದೆ, ಸುತ್ತಿಗೆಯ ಏಟಿಗೆ ಸಾಸಿವೆ ಕಾಳಿನಂತೆ ಸಿಡಿಯುತ್ತದೆ. ದಪ್ಪ ಗೋಣಿಚೀಲದೊಳಗೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಹೊಡೆಯಿರಿ.